ಹೊನ್ನುಹೊಳೆಯ ದಂಡೆಗೆ ಹತ್ತಡಿ ದಾರಿ ಬೇಕು

ಕಾಗದಪತ್ರದಲ್ಲಿ ಸುವರ್ಣಾವತಿ, ಹಿರಿಯರ ಬಾಯಲ್ಲಿ ಹೊನ್ನುಹೊಳೆ. ಈ ಹೊಳೆಯ ಮಗ್ಗುಲಲ್ಲಿ ದನ, ಬಂಡಿ, ಜನ ಓಡಾಡುತ್ತಿದ್ದ ದಾರಿ ಈಗ ತುಂಡು ತುಂಡಾಗಿ ಉಳಿದಿದೆ. ಉಳಿದ ತುಂಡುಗಳನ್ನು ಕಾಪಾಡಿಕೊಳ್ಳುವ, ಕಳೆದುಹೋದ ತುಂಡುಗಳನ್ನು ಅಳತೆ ಮಾಡಿಸಿ ಬಿಡಿಸಿಕೊಳ್ಳುವ ಕೆಲಸವನ್ನು ಹೊಳೆಯ ಎರಡೂ ಕಡೆಯ ಹಾಲು ಉತ್ಪಾದಕರ ಸಹಕಾರ ಸಂಘಗಳು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸಂಘದ ಕೆಲಸ ಹಾಲು ಅಳೆಯುವುದು, ದಾರಿ ಅಳೆಯುವುದಲ್ಲ ಎಂದು ಕೆಲವರು ಹೇಳಬಹುದು. ಆದರೆ ಹಾಲು ಡೇರಿಗೆ ಬರುವುದು ದಾರಿಯಲ್ಲೇ, ಹಸು ನೀರಿಗೆ ಹೋಗುವುದೂ ದಾರಿಯಲ್ಲೇ. ಫ್ಯಾಟು, ಹಿಂಡಿ, ಲಸಿಕೆಯ ಬಗ್ಗೆ ಓದುವಷ್ಟೇ ಗಮನವಿಟ್ಟು ಇದನ್ನೂ ಓದಬೇಕೆಂದು ಉತ್ಪಾದಕ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ.

ಸುಮ್ಮನೆ ಕುಳಿತು ಬರೆಯುತ್ತಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಾವು ಮೂವರು ಈ ಹೊಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಬಂದೆವು. ಮೂರು ಜನಕ್ಕೆ ಎರಡು ಸೈಕಲ್. ಇಬ್ಬರು ತುಳಿದರೆ ಒಬ್ಬ ನಡೆಯುವುದು, ಆಮೇಲೆ ಬದಲಾಯಿಸಿಕೊಳ್ಳುವುದು. ಹಸು ಕಟ್ಟಿದವರಿಗೆ ಎರಡು ದಿನ ಹೊರಗೆ ಮಲಗುವ ಯೋಗ ಇಲ್ಲವಷ್ಟೆ. ಬೆಳಗಿನ ಹಾಲು ಹಾಕಿ ಹೊರಡಬೇಕು, ಸಂಜೆ ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರಬೇಕು. ಹಾಗಾಗಿ ಹೊಳೆಯನ್ನು ಐದು ತುಂಡು ಮಾಡಿಕೊಂಡು ಐದು ದಿನ ಹೋದೆವು.

ಮೇಲ್ಗಡೆ ಶುರು ಮಾಡಿದ್ದು ಅಟ್ಟುಗುಳಿಪುರದ ಹತ್ತಿರ, ಸುವರ್ಣಾವತಿ ಜಲಾಶಯದ ಕೆಳಗೆ. ಅದಕ್ಕಿಂತ ಮೇಲೆ ಕಾಡು. ಅಲ್ಲಿ ಆನೆ, ಹುಲಿ ಇವೆ, ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಕಾಲಿಡುವ ಜಾಗ ಅದಲ್ಲ. ಸತ್ಯಮಂಗಲದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಚಿಕ್ಕಹೊಳೆ ಜಲಾಶಯವೂ ಇದೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಬಸ್ಸಿನಿಂದ ನೋಡಿದವರಿಗೆ ನೀರು ಕಾಣುತ್ತದೆ, ಹೊಳೆ ಕಾಣುವುದಿಲ್ಲ. ಏರಿಯ ಕೆಳಕ್ಕೆ ಇಳಿದರೇನೇ ಹೊಳೆ. ಜನವರಿಯಲ್ಲಿ ಅದು ಅಷ್ಟು ದೊಡ್ಡದೇನೂ ಅಲ್ಲ. ಬಂಡೆಯ ಸಂದಿನಲ್ಲಿ, ಮರಳಿನ ಮೇಲೆ ಮೊಣಕಾಲುದ್ದ ನೀರು. ದಂಡೆಯಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ. ಬಲಗಡೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು ದಾರಿಯುದ್ದಕ್ಕೂ ಜೊತೆಗೇ ಬರುತ್ತದೆ. ಬೆಟ್ಟ ಬಲಕ್ಕೆ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ ಎಂದು ಲೆಕ್ಕ.

ನಾಲೆಯ ಏರಿ ಸಿಕ್ಕ ಕಡೆ ಸೈಕಲ್ ಸಲೀಸಾಗಿ ಓಡುತ್ತದೆ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬಾಳೆ, ತೆಂಗು, ಅರಿಶಿನ, ಹಿಪ್ಪುನೇರಳೆ. ಏರಿಯ ಮೇಲೆ ಹುಲ್ಲು ಕೊಯ್ಯುವ ಹೆಂಗಸರು ಸಿಗುತ್ತಾರೆ. ಅವರ ಹತ್ತಿರ ದಾರಿ ಕೇಳಿದರೆ ಸರ್ವೆಯವರಿಗಿಂತ ಚೆನ್ನಾಗಿ ಹೇಳುತ್ತಾರೆ. ಯಾವ ಗದ್ದೆಯ ಬದುವಿನಲ್ಲಿ ನಡೆಯಬಹುದು, ಎಲ್ಲಿ ನಾಯಿ ಇದೆ, ಎಲ್ಲಿ ಬೇಲಿಗೆ ಕರೆಂಟು ಬಿಟ್ಟಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಆಲೂರಿನ ಕಡೆ ಬರುವ ಹೊತ್ತಿಗೆ ನಾವು ನಕಾಶೆ ನೋಡುವುದನ್ನು ಬಿಟ್ಟು ಅವರನ್ನೇ ಕೇಳಿಕೊಂಡು ಹೋದೆವು.

ತೊಂದರೆ ಶುರುವಾಗುವುದು ಏರಿ ಬಿಟ್ಟು ಹೊಳೆಯ ದಂಡೆಗೆ ಇಳಿದಾಗ. ನಕಾಶೆಯಲ್ಲಿ ಎರಡು ಸಾಲು ಚುಕ್ಕಿಗೆರೆ, ಅಂದರೆ ಬಂಡಿದಾರಿ. ನೆಲದ ಮೇಲೆ ನೋಡಿದರೆ ತೆಂಗಿನ ಸಸಿ. ಇನ್ನೊಂದು ಕಡೆ ಒಂದು ಸಾಲು ಚುಕ್ಕಿ, ಕಾಲುದಾರಿ. ನೆಲದ ಮೇಲೆ ಕಲ್ಲುಕಂಬ, ಮುಳ್ಳುತಂತಿ. ಕೆಲವು ಕಡೆ ಉಳುಮೆಯವರು ವರ್ಷಕ್ಕೆ ಒಂದು ಸಾಲು, ಎರಡು ಸಾಲು ಎಂದು ಬದುವನ್ನು ಕೊರೆದು ಹೊಳೆಯ ಅಂಚಿಗೇ ಬಂದಿದ್ದಾರೆ. ಹೊಳೆಯಂಚಿನ ಮಣ್ಣು ಸಡಿಲ ಆಗಿ ಮಳೆಗಾಲದಲ್ಲಿ ಅದೂ ಹೋಗುತ್ತದೆ. ದಾರಿಯೂ ಇಲ್ಲ, ಹೊಲವೂ ಇಲ್ಲ. ಒಂದು ಊರಿನಲ್ಲಿ ಸೈಕಲ್ಲನ್ನು ತಲೆಯ ಮೇಲೆ ಹೊತ್ತು ನೀರಿಗಿಳಿದು ಆಚೆ ದಂಡೆಗೆ ದಾಟಿದೆವು. ನಮ್ಮನ್ನು ನೋಡಿದ ಒಬ್ಬ ಅಜ್ಜ, "ಮೊದ್ಲು ಇಲ್ಲಿ ಜೋಡಿ ಬಂಡಿ ಹೋಗ್ತಿದ್ವು ಕಣಪ್ಪ, ಈಗ ಹಾವೂ ಹೋಗಂಗಿಲ್ಲ" ಎಂದರು.

ಹೊಮ್ಮ ದಾಟಿ ಯಳಂದೂರಿನ ಕಡೆ ತಿರುಗಿದಾಗ ಹೆದ್ದಾರಿ ಹತ್ತಿರ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 948 ನಮಗೆ ಬಂದದ್ದು ಒಳ್ಳೆಯದೇ. ಟ್ಯಾಂಕರ್ ಬೇಗ ಬರುತ್ತದೆ, ಆಸ್ಪತ್ರೆ ಹತ್ತಿರ ಆಯಿತು. ಆದರೆ ಹೊಳೆದಂಡೆಯ ಒಳದಾರಿ ಮುಚ್ಚಿದ ಕಡೆಯೆಲ್ಲ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್, ಮೇವಿನ ಹೊರೆ ಹೊತ್ತ ಹೆಂಗಸು, ಶಾಲೆಗೆ ಹೋಗುವ ಮಗು ಎಲ್ಲರೂ ಅದೇ ಹೆದ್ದಾರಿಗೆ ಬಂದು ಲಾರಿಯ ಪಕ್ಕದಲ್ಲಿ ನಡೆಯಬೇಕಾಗಿದೆ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಹೋಗುವುದು ಎಷ್ಟೋ ಸುಲಭ ಆಯಿತು. ಆ ಸೈಕಲ್ ತುಳಿಯಲು ಊರಿಂದೂರಿಗೆ ಲಾರಿಯಿಲ್ಲದ ದಾರಿಯೂ ಇರಬೇಕಲ್ಲ.

ಯಳಂದೂರಿನಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಗೌರೀಶ್ವರ ದೇವಸ್ಥಾನದ ಮುಂದಿನ ಬಳೆ ಮಂಟಪದಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ತೂಗುತ್ತವೆ. ಹದಿನೇಳನೆಯ ಶತಮಾನದ ಕೆಲಸ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಬೇರೆ ಜಿಲ್ಲೆಯವರು ಕಾರಿನಲ್ಲಿ ಬಂದು ಫೋಟೊ ತೆಗೆದುಕೊಂಡು ಬೆಟ್ಟಕ್ಕೆ ಹೋಗುತ್ತಾರೆ. ಪಕ್ಕದಲ್ಲೇ ಹೊಳೆ ಇದೆ ಎಂದು ಅವರಿಗೆ ಹೇಳುವವರಿಲ್ಲ. ತೋರಿಸುವ ಹಾಗೂ ಇಲ್ಲ ಅನ್ನಿ, ಪೇಟೆಯ ಕೊಳಚೆ, ಪ್ಲಾಸ್ಟಿಕ್ಕು ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ. ಅಲ್ಲಿಂದ ಅಗರ, ಮಾಂಬಳ್ಳಿ ಕಡೆಗೆ ಹೋದರೆ ಮತ್ತೆ ತೋಟ, ಗದ್ದೆ. ಕೊನೆಗೆ ಕೊಳ್ಳೇಗಾಲದ ಸೀಮೆಯಲ್ಲಿ ಹೊನ್ನುಹೊಳೆ ಕಾವೇರಿಗೆ ಸೇರುತ್ತದೆ.

ನಡೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿಯಲ್ಲಿ ಈಗಲೂ ಸಾವಿರಾರು ಜನ ನಡೆದೇ ಹೋಗುತ್ತಾರೆ. ಚಿಕ್ಕಲ್ಲೂರು ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ನೀಲಗಾರರು ಊರೂರು ತಿರುಗಿ ಮಂಟೇಸ್ವಾಮಿಯ ಕಥೆ ಹಾಡಿದ್ದು ಬಸ್ಸಿನಲ್ಲಿ ಅಲ್ಲ. ದೇವರಿಗೆ ಅಂದರೆ ನಡೆಯುತ್ತೇವೆ, ಹೊಳೆ ನೋಡಲಿಕ್ಕೆ ನಡೆಯುತ್ತೇವೆ ಅಂದರೆ ಮಾತ್ರ ಜನ ನಗುತ್ತಾರೆ. ಇರಲಿ.

ಈಗ ಹಾಲಿನ ಮಾತಿಗೆ ಬರುತ್ತೇನೆ. ಸೀಮೆಹಸು ಬಂದ ಮೇಲೆ ನಾವು ಹಸುವನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಎಲ್ಲವನ್ನೂ ಅದರ ಬಾಯಿಗೆ ತಂದು ಹಾಕುವ ಅಭ್ಯಾಸ ಮಾಡಿಕೊಂಡೆವು. ದಾರಿ ಇಲ್ಲದಿದ್ದರೆ ಇನ್ನೇನು ಮಾಡುವುದು? ಹಗಲಿಡೀ ಕಟ್ಟಿದ ಹಸುವಿನ ಗೊರಸು ಸವೆಯದೆ ಉದ್ದ ಬೆಳೆಯುತ್ತದೆ, ಕಾಲು ಕುಂಟುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೆದೆ ಗೊತ್ತಾಗದಿರುವುದು. ಬಿಟ್ಟ ಹಸು ಬೇರೆ ಹಸುವಿನ ಮೇಲೆ ಹಾರುತ್ತದೆ, ಅಥವಾ ಹಾರಿಸಿಕೊಂಡು ನಿಲ್ಲುತ್ತದೆ, ನಮಗೆ ಕಾಣುತ್ತದೆ. ಗೂಟಕ್ಕೆ ಕಟ್ಟಿದ ಒಂಟಿ ಹಸು ಇದನ್ನೆಲ್ಲ ಎಲ್ಲಿ ತೋರಿಸಬೇಕು? ಒಂದು ಬೆದೆ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಆ ಮೂರು ವಾರ ಹಾಕುವ ಹಿಂಡಿ, ಬೂಸ ಯಾರ ಲೆಕ್ಕಕ್ಕೆ? ದಿನಕ್ಕೆ ಒಂದೆರಡು ಗಂಟೆ ಹಸುಗಳನ್ನು ಒಟ್ಟಿಗೆ ಬಿಟ್ಟು ನಡೆಸುವುದರಿಂದ ಸಿಗುವ ಲಾಭ ಇದು. ನೀರಿನ ಲೆಕ್ಕವೂ ಹಾಗೆಯೇ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಬಕೆಟ್ಟಿನಲ್ಲಿ ಹೊತ್ತು ಹಾಕುವವರ ಸೊಂಟವನ್ನು ಕೇಳಿ ನೋಡಿ.

ಒಂದು ಎಚ್ಚರಿಕೆ ಹೇಳಿಬಿಡಬೇಕು. ದಂಡೆಯ ಜೌಗಿನಲ್ಲಿ, ಸಣ್ಣ ಬಸವನಹುಳು ಇರುವ ನಿಂತ ನೀರಿನಲ್ಲಿ ಹಸು ಮೇಯಿಸಿದರೆ ಪಿತ್ತಜನಕಾಂಗದ ಹುಳು ಸೇರಿಕೊಳ್ಳುತ್ತದೆ. ನಾನು ಕೇಳುತ್ತಿರುವುದು ಒಣಗಿದ, ಎತ್ತರದ ದಾರಿ ಮತ್ತು ಹರಿಯುವ ನೀರಿಗೆ ಇಳಿಯುವ ಜಾಗ. ಜೌಗಿನಲ್ಲಿ ಮೇಯಿಸಿ ಎಂದು ಹೇಳುತ್ತಿಲ್ಲ.

ಹಾಲು ಕೆಡುವ ವಿಷಯವೂ ಇದಕ್ಕೆ ಸೇರಿದ್ದೇ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಬಹಳ ಬೇಗ ಇಮ್ಮಡಿಯಾಗುತ್ತ ಹೋಗುತ್ತವೆ. ಕರೆದ ಹಾಲು ಎಷ್ಟು ಬೇಗ ಸಂಘಕ್ಕೆ ಬಂದು ಬಿಎಂಸಿಯಲ್ಲಿ ನಾಲ್ಕು ಡಿಗ್ರಿಗೆ ತಂಪಾಗುತ್ತದೋ ಅಷ್ಟು ಒಳ್ಳೆಯದು. ಹೊಳೆಯಾಚೆಯ ತೋಟದ ಮನೆಯಿಂದ ಕಾಲುದಾರಿಯಲ್ಲಿ ಹತ್ತು ನಿಮಿಷ, ಸುತ್ತುಬಳಸಿ ಹೆದ್ದಾರಿಯಲ್ಲಿ ಬಂದರೆ ಮುಕ್ಕಾಲು ಗಂಟೆ. ಈ ವ್ಯತ್ಯಾಸವೂ ಕ್ಯಾನಿನೊಳಗೆ ಸೇರಿಕೊಂಡೇ ಬರುತ್ತದೆ. ಕುದೇರಿನ ಡೇರಿಯಲ್ಲಿ ಎಂಥ ಒಳ್ಳೆಯ ಯಂತ್ರ ಇದ್ದರೂ ದಾರಿಯಲ್ಲಿ ಕೆಟ್ಟದ್ದನ್ನು ಸರಿಮಾಡಲು ಆಗುವುದಿಲ್ಲ.

ಇನ್ನೊಂದು ಕಾರಣ ಕಳೆದ ವರ್ಷಗಳಲ್ಲಿ ಜೋರಾಗಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿ ಸತ್ತುಬಿದ್ದವು. ವಿಷ ಹಾಕಿದ ಹಸುವಿನ ಕಳೇಬರ ತಿಂದು ಸತ್ತವು ಎಂಬುದು ಎಲ್ಲರಿಗೂ ಗೊತ್ತಾಯಿತು. ಅದರ ಬೆನ್ನಿಗೇ ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಬೇಕು ಎಂಬ ಮಾತು ಸರ್ಕಾರದಿಂದ ಬಂತು. ಬೆಟ್ಟದಂಚಿನ ರೈತರು ಸಿಟ್ಟಾದರು, ಸಿಟ್ಟು ಬರುವುದು ಸಹಜ. ಕಾಡಿನೊಳಗೆ ಹಸು ಹೋಗಬಾರದು ಎಂಬುದನ್ನು ಒಪ್ಪೋಣ. ಹಾಗಾದರೆ ಕಾಡಿನ ಹೊರಗೆ ಹಸುವಿಗೆ ಏನು ಉಳಿದಿದೆ? ಕರ್ನಾಟಕ ಭೂಕಂದಾಯ ನಿಯಮದ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿಮ್ಮ ಊರಿನಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿ ನೋಡಿ. ಗೋಮಾಳ ಹೋದ ಊರುಗಳಲ್ಲಿ ಹೊಳೆದಂಡೆ, ಕೆರೆಯಂಗಳ, ಬಂಡಿದಾರಿಯ ಅಂಚಿನ ಹುಲ್ಲು ಇಷ್ಟೇ ಉಳಿದದ್ದು. ಅದನ್ನೂ ಬಿಟ್ಟುಕೊಟ್ಟರೆ ನಾಳೆ ಹಸು ಕಾಡಿಗೆ ಹೋಯಿತು ಎಂದು ದೂರುವ ಹಕ್ಕು ಯಾರಿಗೂ ಇರುವುದಿಲ್ಲ.

ಹೊಳೆಯ ದಂಡೆಯಲ್ಲಿ ದಾರಿ ಬಿಡಿಸುವುದು ಆಗದ ಕೆಲಸ ಎನ್ನುವವರಿಗೆ ದೂರದ ಒಂದು ದೇಶದ ಉದಾಹರಣೆ ಕೊಡುತ್ತೇನೆ. ಫ್ರಾನ್ಸ್ ನಮ್ಮ ಹಾಗೆಯೇ ಹಾಲಿನ ದೇಶ. ಅಲ್ಲಿ 1669ರಲ್ಲಿ ರಾಜನ ಕಾಲದಲ್ಲೇ ಒಂದು ಕಟ್ಟಳೆ ಆಯಿತು. ದೋಣಿ ಓಡುವ ನದಿಯ ಒಂದು ದಂಡೆಯಲ್ಲಿ, ದೋಣಿ ಎಳೆಯುವ ಕುದುರೆಗಳಿಗಾಗಿ 24 ಅಡಿ, ಇನ್ನೊಂದು ದಂಡೆಯಲ್ಲಿ 10 ಅಡಿ ಜಾಗ ಬಿಡಬೇಕು. ಅಲ್ಲಿ ಮರ ನೆಡಬಾರದು, ಬೇಲಿ ಹಾಕಬಾರದು. ದೋಣಿ ಎಳೆಯುವ ಕುದುರೆ ಹೋಗಿ ಎಷ್ಟೋ ಕಾಲ ಆಯಿತು. ಕಾನೂನು ಹೋಗಲಿಲ್ಲ. ಹಳೆಯ ಅಡಿಯ ಲೆಕ್ಕ ಮೀಟರಿಗೆ ಬದಲಾಗಿ 7.80 ಮತ್ತು 3.25 ಎಂದು ಇಂದಿಗೂ ಅವರ ಕಾನೂನಿನಲ್ಲಿದೆ. ಜಮೀನು ರೈತನದೇ, ನಡೆಯುವ ಹಕ್ಕು ಎಲ್ಲರದು. ಇದು ಸರ್ಕಾರದ ಒಡೆತನದ ದೊಡ್ಡ ನದಿಗಳಿಗೆ ಮಾತ್ರ, ಸಣ್ಣ ಹಳ್ಳಕೊಳ್ಳಕ್ಕಲ್ಲ. ಆದರೂ ಆ ಒಂದು ಕಟ್ಟಳೆಯಿಂದ ಉಳಿದ ದಂಡೆಗಳಲ್ಲಿ ಈಗ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಲುವಾರ್ ಎಂಬ ನದಿಯ ಕಣಿವೆಯಲ್ಲಿ ಸಮುದ್ರದವರೆಗೆ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿ ಇದೆ.

ಅದೇ ನದಿಯ ಮೇಲ್ಭಾಗದಲ್ಲಿ 1878ರಲ್ಲಿ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ಲೇಖಕ ಒಂದು ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಹನ್ನೆರಡು ದಿನ ಬೆಟ್ಟ, ಹೊಳೆ ದಾಟಿ ನಡೆದ. ಕತ್ತೆ ಅವನ ಮಾತು ಕೇಳಲಿಲ್ಲ, ಹೊರೆ ಜಾರಿ ಜಾರಿ ಬಿತ್ತು. ಜಾನುವಾರು ಸಾಕಿದವರಿಗೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಮರುವರ್ಷ ಅವನು ಅದನ್ನು ಪುಸ್ತಕ ಮಾಡಿದ. ಈಗ ಜನ ಅದೇ ದಾರಿ ಹಿಡಿದು ನಡೆಯುತ್ತಾರೆ, ಕೆಲವರು ಬಾಡಿಗೆ ಕತ್ತೆ ಹಿಡಿದುಕೊಂಡೇ ಹೋಗುತ್ತಾರೆ. ದಾರಿಯಲ್ಲಿನ ಹಳ್ಳಿಯ ಮನೆಗಳಲ್ಲಿ ಉಳಿಯುತ್ತಾರೆ, ಅಲ್ಲಿನ ಹಾಲು, ಗಿಣ್ಣು ಕೊಳ್ಳುತ್ತಾರೆ. ಬಡ ಬೆಟ್ಟದ ಸೀಮೆಗೆ ಒಂದು ಕಾಲುದಾರಿಯಿಂದ ನಾಲ್ಕು ಕಾಸು ಬಂತು. ನಮ್ಮ ಹೊಳೆಗೆ ಅಂಥ ಪ್ರವಾಸಿಗರು ನಾಳೆಯೇ ಬರುತ್ತಾರೆಂದು ನಾನು ಹೇಳುವುದಿಲ್ಲ. ಬರದಿದ್ದರೂ ನಷ್ಟವಿಲ್ಲ, ದಾರಿ ಮೊದಲು ನಮ್ಮ ಹಸುವಿಗೆ, ನಮ್ಮ ಮಕ್ಕಳಿಗೆ. ಸಿಮೆಂಟ್ ಮೆಟ್ಟಿಲು, ಬಣ್ಣದ ದೀಪ, ರೆಸಾರ್ಟು ಎಂದು ಯಾರಾದರೂ ಯೋಜನೆ ತಂದರೆ ನಾನಂತೂ ಒಪ್ಪುವವನಲ್ಲ. ಮಣ್ಣಿನ ದಾರಿ ಸಾಕು, ಹತ್ತಡಿ ಸಾಕು. ಒಂದು ಬಂಡಿ ಹೋಗಿ ಪಕ್ಕದಲ್ಲಿ ಒಬ್ಬ ನಿಲ್ಲುವಷ್ಟು.

ಬೇಲಿ ಹಾಕಿದವರೆಲ್ಲ ಕೆಟ್ಟವರಲ್ಲ ಎಂಬುದನ್ನೂ ಹೇಳಬೇಕು. ದಂಡೆಯಲ್ಲಿ ಒಂದೆಕರೆ ಇರುವವನಿಗೆ ಹಂದಿ ಕಾಟ ಇದೆ, ಬಿಡಾಡಿ ದನದ ಕಾಟ ಇದೆ. ಅರ್ಧ ಗುಂಟೆ ಹೋದರೂ ಅವನಿಗೆ ಅದು ದೊಡ್ಡದೇ. ಆದರೆ ಬೇಲಿಯ ಎರಡು ತುದಿಗೂ ಬಿದಿರಿನ ತಡಿಕೆ ಕಟ್ಟಿದರೆ ಬೆಳೆಯೂ ಉಳಿಯುತ್ತದೆ, ದಾರಿಯೂ ಉಳಿಯುತ್ತದೆ. ತೆರೆದವನು ಮುಚ್ಚಿ ಹೋಗಬೇಕು, ಅಷ್ಟೇ ನಿಯಮ. ನಾವು ನಡೆದ ದಾರಿಯಲ್ಲಿ ಒಬ್ಬರು ಹಾಗೆಯೇ ಮಾಡಿದ್ದರು. ಅವರ ತೋಟದಲ್ಲಿ ಎಳನೀರು ಕುಡಿದು, ತಡಿಕೆ ಮುಚ್ಚಿ ಬಂದೆವು. ಹೊಳೆಯನ್ನು ಇಕ್ಕಟ್ಟು ಮಾಡಿದವರಿಗೆ ಮಾತ್ರ ಬೇರೆ ಮಾತು ಹೇಳಬೇಕಾಗುತ್ತದೆ. 2022ರ ಮಳೆಯಲ್ಲಿ ಎರಡೂ ಜಲಾಶಯ ತುಂಬಿ ಹರಿದು ಯಳಂದೂರು ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಹೊಳೆಗೆ ಅಗಲ ಬೇಕು. ದಂಡೆಯಲ್ಲಿ ಬಿಟ್ಟ ಹತ್ತಡಿ ಬೇಸಿಗೆಯಲ್ಲಿ ದಾರಿ, ಪ್ರವಾಹದಲ್ಲಿ ನೀರಿಗೆ ಜಾಗ.

ಕೆಲಸ ಹೇಗೆ ಶುರು ಮಾಡುವುದು? ಹಳೆಯ ಗ್ರಾಮ ನಕಾಶೆಯ ಪ್ರತಿ ಸರ್ವೆ ಇಲಾಖೆಯಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಪಹಣಿಯಲ್ಲಿ ಬಿ ಖರಾಬು ಎಂದು ಬಿಟ್ಟಿರುವುದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಜಾಗ. ಅದಕ್ಕೆ ಕಂದಾಯವಿಲ್ಲ, ಅದು ಜಮೀನಿನವರದೂ ಅಲ್ಲ. ನಕಾಶೆಯಲ್ಲಿ ಇರುವ ದಾರಿಯನ್ನು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ಅಳತೆ ಮಾಡಿಸಿ ತೆರವು ಮಾಡಿಸಬೇಕು. ನಕಾಶೆಯಲ್ಲಿ ಇಲ್ಲದ, ಆದರೆ ಇಪ್ಪತ್ತು ವರ್ಷ ತಡೆಯಿಲ್ಲದೆ ಓಡಾಡಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಹಕ್ಕು ಕೇಳಬಹುದು, ಆದರೆ ಅದಕ್ಕೆ ಕೋರ್ಟು ಬೇಕು, ವರ್ಷಗಳು ಬೇಕು. ಮೊದಲು ನಕಾಶೆಯಲ್ಲಿ ಇರುವುದನ್ನೇ ಬಿಡಿಸಿಕೊಳ್ಳೋಣ.

ಒಬ್ಬ ರೈತ ಅರ್ಜಿ ಕೊಟ್ಟರೆ ಅದು ಅಕ್ಕಪಕ್ಕದ ಜಗಳ ಆಗುತ್ತದೆ. ಸಂಘ ಕೊಟ್ಟರೆ ಊರಿನ ಕೆಲಸ ಆಗುತ್ತದೆ. ಅದಕ್ಕೇ ಸಂಘದ ಹೆಸರು ಹೇಳುತ್ತಿರುವುದು. ವಾರ್ಷಿಕ ಸಭೆಯಲ್ಲಿ ಒಂದು ಠರಾವು ಮಾಡಿ, ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಡಿ. ಬಿಡಿಸಿಕೊಂಡ ದಾರಿಗೆ ಮಣ್ಣು ಹಾಕಿಸುವ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಕೇಳಬಹುದು. ಠರಾವು ಒಂದಿಬ್ಬರ ಕೈ ಕಡಿಮೆಯಾಗಿ ಬಿದ್ದುಹೋಗುತ್ತದೆ ಎಂದು ಸುಮ್ಮನೆ ಕೂರಬೇಡಿ. ಒಂದು ಮತದ ತೂಕವನ್ನು ನಮ್ಮ ಸಂತೆಮರಹಳ್ಳಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ.

ಅರ್ಜಿಗೆ ಮೊದಲು ನಡೆದು ನೋಡಬೇಕು. ಮಳೆ ಹಿಡಿಯುವುದಕ್ಕೆ ಮುಂಚೆ, ಹೊಳೆಯಲ್ಲಿ ನೀರು ಕಡಿಮೆ ಇರುವಾಗಲೇ ಅನುಕೂಲ. ಪ್ರತಿ ಸಂಘದವರು ತಮ್ಮ ಊರಿನ ಗಡಿಯಿಂದ ಗಡಿಯವರೆಗೆ ನಡೆದರೆ ಸಾಕು, ಯಾರಿಗೂ ಒಂದು ಬೆಳಗ್ಗೆಗಿಂತ ಹೆಚ್ಚು ಹಿಡಿಯುವುದಿಲ್ಲ. ಮುಂದಿನ ಊರಿನವರು ಅಲ್ಲಿಂದ ಶುರು ಮಾಡಲಿ. ಹುಲ್ಲು ಕೊಯ್ಯುವ ಹೆಂಗಸರಲ್ಲಿ ಇಬ್ಬರನ್ನಾದರೂ ಕರೆದುಕೊಂಡು ಹೋಗಿ, ಊರಿನ ಹಿರಿಯರೊಬ್ಬರನ್ನು ಬಂಡಿಯಲ್ಲೋ ಸೈಕಲ್ಲಿನ ಹಿಂದೆಯೋ ಕೂರಿಸಿಕೊಳ್ಳಿ. ದಾರಿ ಮುಚ್ಚಿದ ಕಡೆ ಯಾರೊಂದಿಗೂ ಜಗಳಕ್ಕೆ ನಿಲ್ಲಬೇಡಿ. ಸರ್ವೆ ನಂಬರ್ ಬರೆದುಕೊಂಡು, ಫೋಟೊ ತೆಗೆದುಕೊಂಡು ಮುಂದೆ ಹೋಗಿ. ನಕಾಶೆಯ ಪ್ರತಿ, ಕುಡಿಯುವ ನೀರು, ಸೈಕಲ್ ಇದ್ದರೆ ಪಂಕ್ಚರ್ ಸಾಮಾನು ಇರಲಿ. ಹೊಳೆದಂಡೆಯ ಜಾಲಿಮುಳ್ಳು ನಮ್ಮ ಟೈರನ್ನು ಐದು ದಿನದಲ್ಲಿ ಏಳು ಸಲ ಚುಚ್ಚಿತು.